ಮಲದಲ್ಲಿ ಕಾಣುವ ರಕ್ತವೆಲ್ಲ ಮೂಲವ್ಯಾಧಿಯಲ್ಲ: ಕೊಡಗಿನ ಶಾಸಕರಿಬ್ಬರಿಗೆ ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ ಬಿದ್ದರೆ ಮೂಲವ್ಯಾಧಿಯೆಂದೇ ತಿಳಿದು ಔಷಧಿ ಅಂಗಡಿಯ ಮುಲಾಮನ್ನೋ ನಾಟಿ ಮದ್ದನ್ನೋ ನೆಚ್ಚಿಕೊಳ್ಳುತ್ತಾರೆ. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗುವುದು, ತೂಕ ಇಳಿಯುವುದು, ಕಾರಣ ತಿಳಿಯದ ರಕ್ತಹೀನತೆ ಇವೂ ಅದರ ಲಕ್ಷಣಗಳೇ. ಕೊಯ್ಲಿನ ದಿನಗಳಲ್ಲಿ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋದಂತೆ. ತಡೆಯಲಾರದೆ ಮೈಸೂರಿಗೋ ಮಂಗಳೂರಿಗೋ ಹೊರಡುವ ಹೊತ್ತಿಗೆ ರೋಗ ಯಕೃತ್ತಿಗೆ ಹರಡಿರುವುದೂ ಉಂಟು.

ತಡೆಯಲು ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಮೂಡುತ್ತದೆ. ಅಂಥ ಕೆಲವು ಗಂಟುಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಕಂಡಾಗಲೇ ಅದನ್ನು ತೆಗೆದುಬಿಟ್ಟರೆ ಆ ಗಂಟು ಕ್ಯಾನ್ಸರ್ ಆಗುವ ಮಾತೇ ಇಲ್ಲ.

30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಜಾಗವಿದೆ, ಕರುಳಿಗಿಲ್ಲ. ಅಲ್ಲಿಗೆ ಫಿಟ್ (FIT) ಎಂಬ ಮಲ ಪರೀಕ್ಷೆಯನ್ನು ಸೇರಿಸಿ. ಕಣ್ಣಿಗೆ ಕಾಣದ ರಕ್ತವನ್ನೂ ಅದು ಪತ್ತೆ ಹಚ್ಚುತ್ತದೆ. ಉಪವಾಸ ಬೇಡ, ಪಥ್ಯ ಬೇಡ, ಮಾದರಿಯನ್ನು ಮನೆಯಲ್ಲೇ ತೆಗೆದುಕೊಡಬಹುದು. ಅಮೆರಿಕದಲ್ಲಿ 2021ರಿಂದ 45ನೇ ವಯಸ್ಸಿಗೇ ಇಂಥ ತಪಾಸಣೆ ಆರಂಭಿಸಲು ಹೇಳುತ್ತಿದ್ದಾರೆ. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ಇನ್ನೂ ಮೊದಲೇ ಬೇಕು.

ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಆಶಾ ಕಾರ್ಯಕರ್ತೆಯರ ಮೂಲಕ ಲೈನ್ ಮನೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಇದನ್ನು ತಲುಪಿಸಿ. ರಕ್ತ ಪತ್ತೆಯಾದವರ ಕೊಲೊನೋಸ್ಕೋಪಿಗೆಂದು ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮೀಸಲಿಡಿಸಿ. ಈ ಎರಡನೆಯದಿಲ್ಲದೆ ಮೊದಲನೆಯದನ್ನು ಮಾಡಬೇಡಿ. ರಕ್ತವಿದೆ ಎಂದು ಹೇಳಿ ಮುಂದಿನ ದಾರಿ ತೋರಿಸದೆ ಕಳುಹಿಸುವುದು ಕ್ರೂರ.

ಊಟದ ವಿಷಯ ಎತ್ತಿದರೆ ನಮ್ಮವರು ಮುನಿಯುತ್ತಾರೆ. ಹಬ್ಬದ ಪಂದಿ ಕರಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ದಿನನಿತ್ಯದ ಮದ್ಯ, ಸಿಗರೇಟು, ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸ ಇವು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದನ್ನು ವೇದಿಕೆಯ ಮೇಲೆ ನಿಂತು ನೀವೇ ಹೇಳಬೇಕು. ನೀವು ಹೇಳಿದರೆ ಜನ ಕೇಳುತ್ತಾರೆ.

ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ, ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಖರ್ಚಿನ ಅಂದಾಜು ತರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಮತದಾರ