ಶೆಫೀಲ್ಡಿನ ಬಾಣಂತಿ ಕೋಣೆಗೆ ದೊಡ್ಡಮ್ಮನ ಪತ್ರ

ಲೀಡ್ಸ್, ಇಂಗ್ಲೆಂಡ್,
ನವೆಂಬರ್ 16

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಮತ್ತು ಅಳಿಯಂದಿರ ಕ್ಷೇಮವನ್ನು ದಿನವೂ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇವೆ.

ಕಳೆದ ಭಾನುವಾರ ಶೆಫೀಲ್ಡಿಗೆ ಬಂದು ನಿಮ್ಮ ಬಾಡಿಗೆ ಮನೆಯನ್ನು ನೋಡಿಕೊಂಡು ಹೋದಾಗಿನಿಂದ ಒಂದು ಮಾತು ನನ್ನನ್ನು ಕಾಡುತ್ತಿದೆ. ಊಟಕ್ಕೆ ಕುಳಿತಾಗ ನೀನು, ಅಮ್ಮ ಬಂದ ಮೇಲೆ ಬಾಣಂತಿ ಕೋಣೆಯಲ್ಲಿ ಕೆಂಡ ಇಡಬೇಕಂತೆ, ಅದಕ್ಕಾಗಿ ಬಾರ್ಬೆಕ್ಯೂ ಇದ್ದಿಲಿನ ಚೀಲ ತಂದಿಟ್ಟಿದ್ದೇವೆ ಎಂದು ಹೇಳಿದೆ. ಎಲ್ಲರ ಎದುರು ಆ ಮಾತನ್ನು ಬೆಳೆಸುವುದು ಬೇಡವೆಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ: ಆ ಚೀಲವನ್ನು ಇವತ್ತೇ ಹಿತ್ತಲಿನ ಶೆಡ್ಡಿಗೆ ಸಾಗಿಸು. ಅದರ ಒಂದು ತುಂಡು ಇದ್ದಿಲು ಕೂಡ ಮನೆಯೊಳಗೆ ಉರಿಯಬಾರದು.

ನಿನ್ನ ಅಮ್ಮ ಹೇಳುವುದರಲ್ಲಿ ಪ್ರೀತಿಯಿದೆ, ನಮ್ಮ ಮನೆಯ ರೂಢಿಯೂ ಇದೆ. ನಿನ್ನ ಅಮ್ಮ ಹುಟ್ಟಿದಾಗ ತೀರ್ಥಹಳ್ಳಿಯ ಮನೆಯ ಕತ್ತಲೆಕೋಣೆಯಲ್ಲಿ ನಮ್ಮಜ್ಜಿ ಅಗ್ಗಿಷ್ಟಿಕೆ ಇಟ್ಟು, ಎಣ್ಣೆ ನೀರು ಹಾಕಿಸಿಕೊಂಡು ಬಂದ ತಾಯಿಯ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆದರೆ ಆ ಕೋಣೆಯ ಮೇಲೆ ಇದ್ದದ್ದು ಹಂಚಿನ ಮಾಡು. ಹಂಚು ಹಂಚಿನ ಸಂದಿನಲ್ಲಿ ಬಿಸಿಲ ಕೋಲು ಇಳಿಯುತ್ತಿತ್ತು, ಅದೇ ಸಂದಿನಲ್ಲಿ ಹೊಗೆ ಮೇಲೇರಿ ಹೋಗುತ್ತಿತ್ತು. ಕಿಟಕಿ ಮುಚ್ಚಿದ್ದರೂ ಮನೆ ತಾನಾಗಿ ಉಸಿರಾಡುತ್ತಿತ್ತು. ನಿನ್ನ ಮಲಗುವ ಕೋಣೆಗೆ ಗಾರೆಯ ಚಾವಣಿ, ಎರಡು ಪದರದ ಗಾಜು, ನೆಲಕ್ಕೆ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟು. ಅಲ್ಲಿ ಕೆಂಡ ಇಟ್ಟರೆ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹೊಗೆಯಾಡದೆ ನಿಗಿನಿಗಿ ಉರಿಯುವ ಕೆಂಡವನ್ನು ನಾವು ಶುದ್ಧವಾದ ಬೆಂಕಿ ಎಂದು ನಂಬಿಬಿಡುತ್ತೇವೆ. ಅದೇ ಹೆಚ್ಚು ಅಪಾಯದ್ದು. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 1981ರ ಡಿಸೆಂಬರಿನಲ್ಲಿ ಈ ದೇಶದಲ್ಲಿ ವಿಪರೀತ ಚಳಿ ಬಿದ್ದಿತ್ತು. ಆಗ ನಾವಿದ್ದ ಮನೆಯ ನಡುಕೋಣೆಯಲ್ಲಿ ಒಂದು ಹಳೆಯ ಗ್ಯಾಸ್ ಫೈರ್ ಇತ್ತು, ಅದರ ಪಕ್ಕದ ಗೋಡೆಯಲ್ಲಿ ಬೆಂಕಿಗೆ ಹೊರಗಿನ ಗಾಳಿ ಒದಗಿಸುವ ತೂತುಗಳಿರುವ ಒಂದು ಇಟ್ಟಿಗೆ ಇತ್ತು. ಆ ತೂತಿನಿಂದ ಬರುವ ಥಂಡಿ ತಾಳಲಾರದೆ ನಿನ್ನ ದೊಡ್ಡಪ್ಪ ಹಳೆಯ ಪಂಚೆಯ ತುಂಡನ್ನು ಸುತ್ತಿ ಅದರೊಳಗೆ ತುರುಕಿ, ಮೇಲೆ ಟೇಪು ಅಂಟಿಸಿದರು. ಕೋಣೆ ಬೆಚ್ಚಗಾಯಿತು. ಮೂರು ನಾಲ್ಕು ದಿನಗಳಲ್ಲಿ ನನಗೆ ತಲೆನೋವು ಶುರುವಾಯಿತು, ಆಮೇಲೆ ಹೊಟ್ಟೆ ತೊಳಸುವುದು, ಕೈಕಾಲು ಸೋಲುವುದು. ಚಳಿಯ ಜ್ವರವಿರಬೇಕು, ಊರಿನ ನೆನಪಿಗೆ ಹೀಗಾಗುತ್ತಿರಬೇಕು ಎಂದುಕೊಂಡೆ. ಪೇಟೆಗೆ ಹೋದ ದಿನ ತಲೆನೋವು ಇರುತ್ತಿರಲಿಲ್ಲ, ಮನೆಗೆ ಬಂದು ಒಂದು ಗಂಟೆ ಕುಳಿತರೆ ಮತ್ತೆ ಬರುತ್ತಿತ್ತು. ಆ ವ್ಯತ್ಯಾಸವೇ ದೊಡ್ಡ ಸೂಚನೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿ ಒಂದು ಸಂಜೆ ಚಹಾಕ್ಕೆ ಬಂದವರು ಬೆಂಕಿಯನ್ನು ನೋಡಿ, ಲೋಟ ಕೆಳಗಿಟ್ಟು, ಸೀದಾ ಹೋಗಿ ಬಾಗಿಲು ತೆರೆದರು. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ಆಡುತ್ತಿತ್ತು, ಮೇಲಿನ ಗೋಡೆಗೆ ಮಸಿ ಹಿಡಿದಿತ್ತು. ಅವರು ಗಣಿ ಕಾರ್ಮಿಕರ ಮನೆಯಲ್ಲಿ ಬೆಳೆದವರು, ಕೆಟ್ಟ ಗಾಳಿ ಎಂದರೇನೆಂದು ಬಲ್ಲವರು. ಅವರು ಆ ಸಂಜೆ ಬಾರದೇ ಇದ್ದಿದ್ದರೆ ಎಂಬ ಯೋಚನೆ ನಲವತ್ತು ವರ್ಷ ದಾಟಿದ ಮೇಲೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಹಾಗೆಂದು ಮನೆಯನ್ನು ಗಾಳಿಗೆ ಬಿಟ್ಟು ನಡುಗುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕಾವು ಸೋರುವ ಬಿರುಕು ಬೇರೆ, ಮನೆ ಉಸಿರಾಡುವ ದಾರಿ ಬೇರೆ. ಮೊದಲನೆಯದನ್ನು ಮುಚ್ಚಬೇಕು, ಎರಡನೆಯದನ್ನು ಮುಟ್ಟಬಾರದು. ಬಿರುಕು ಹುಡುಕುವುದಕ್ಕೆ ದೇವರ ಮನೆಯ ಊದಿನಕಡ್ಡಿ ಸಾಕು. ಹೊರಗೆ ಗಾಳಿ ಬೀಸುವ ದಿನ ಫ್ಯಾನುಗಳನ್ನೆಲ್ಲ ಆರಿಸಿ, ಒಂದು ಕಡ್ಡಿ ಹಚ್ಚಿಕೊಂಡು, ಪರದೆಗಳಿಂದ ದೂರ ಹಿಡಿದು, ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಸಾಗಿಸು. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಎಲ್ಲಿ ಸರಕ್ಕನೆ ಒಳಕ್ಕೆ ಬಾಗುತ್ತದೋ ಅಲ್ಲಿ ಸಂದು ಇದೆ. ನಿಮ್ಮ ಮನೆಯಲ್ಲಿ ಮುಂಬಾಗಿಲಿನ ಅಂಚೆಯ ಕಂಡಿ, ಮೆಟ್ಟಿಲ ಕೆಳಗಿನ ಹಲಗೆ, ಅಟ್ಟಕ್ಕೆ ಹೋಗುವ ಮುಚ್ಚಳ, ಇವು ಮೂರೂ ಸೋರುತ್ತವೆ ಎಂದು ನನಗೆ ಕೈಯಿಟ್ಟಾಗಲೇ ತಿಳಿಯಿತು. ಅಂಚೆಯ ಕಂಡಿಗೆ ಬ್ರಷ್ ಇರುವ ಮುಚ್ಚಳ, ಅಟ್ಟದ ಮುಚ್ಚಳದ ಸುತ್ತ ಫೋಮಿನ ಪಟ್ಟಿ, ಬಾಗಿಲ ಬುಡಕ್ಕೆ ಹಳೆಯ ಸೀರೆಯಲ್ಲಿ ಹೊಲಿದ ಉದ್ದನೆಯ ದಿಂಬು. ಇವಕ್ಕೆ ಹೆಚ್ಚು ಖರ್ಚಿಲ್ಲ. ಅಟ್ಟದಲ್ಲಿ ಉಣ್ಣೆಯಂಥ ಹೊದಿಕೆ ಎಷ್ಟು ದಪ್ಪವಿದೆ ಎಂದು ಮಾಲೀಕರನ್ನು ಕೇಳು. ಇಲ್ಲಿ ಶಿಫಾರಸು ಮಾಡುವುದು 270 ಮಿಲಿಮೀಟರು, ಅಂದರೆ ನಿನ್ನ ಒಂದು ಗೇಣಿಗಿಂತ ಹೆಚ್ಚು. ಆದರೆ ಹೊರಗೋಡೆಯ ಬುಡದಲ್ಲಿರುವ ತೂತಿನ ಇಟ್ಟಿಗೆ, ಕಿಟಕಿಯ ನೆತ್ತಿಯಲ್ಲಿರುವ ಸಣ್ಣ ಗಾಳಿಗಂಡಿ, ಅಡುಗೆಮನೆ ಮತ್ತು ಬಚ್ಚಲಿನ ಗಾಳಿಯನ್ನು ಹೊರಹಾಕುವ ಫ್ಯಾನು, ಇವುಗಳಿಗೆ ಏನನ್ನೂ ತುರುಕಬೇಡ. ಬುಡದ ಇಟ್ಟಿಗೆ ಮುಚ್ಚಿದರೆ ನೆಲದ ಕೆಳಗಿನ ತೊಲೆಗಳು ತೇವ ಹಿಡಿದು ಕೊಳೆಯುತ್ತವೆ.

ತೇವದ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮ ಅಡುಗೆ ಈ ದೇಶದವರ ಅಡುಗೆಯಂತಲ್ಲ. ಇಡ್ಲಿಯ ಹಬೆ, ಕುದಿಯುವ ಸಾರು, ಅನ್ನದ ಗಂಜಿ, ಇವುಗಳ ನೀರೆಲ್ಲ ಗಾಳಿಯಲ್ಲಿ ಸೇರಿ, ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಗೋಡೆಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಹನಿಗಟ್ಟುತ್ತದೆ. ನಿನ್ನ ಮಲಗುವ ಕೋಣೆಯ ಬೀರುವನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಿದ್ದೀರಿ. ಅದರ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಮೂಲೆಯಲ್ಲಿ ಅಂಗೈಯಗಲ ಕಪ್ಪು ಬೂಷ್ಟು ಹಿಡಿದಿದೆ. ಬಸುರಿಗೆ ಇಂಥದ್ದನ್ನು ಬರೆಯಬಾರದು, ಆದರೂ ಬರೆಯುತ್ತೇನೆ: 2020ರ ಡಿಸೆಂಬರಿನಲ್ಲಿ ರಾಚ್‌ಡೇಲಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನ ನಡುವೆ ಬಹುಕಾಲ ಉಸಿರಾಡಿದ್ದೇ ಅದಕ್ಕೆ ಕಾರಣವೆಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು, ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಆದ್ದರಿಂದ ಬೂಷ್ಟಿನ ಮೇಲೆ ಬಣ್ಣ ಬಳಿದು ಮುಚ್ಚುವುದು ಬೇಡ. ಫೋಟೋ ತೆಗೆದು, ದಿನಾಂಕ ಹಾಕಿ, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸು. ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆಸು. ನೀನು ಎಳೆಯಬೇಡ, ಅಳಿಯಂದಿರು ಎಳೆಯಲಿ. ಪಾತ್ರೆಗೆ ಮುಚ್ಚಳವಿಟ್ಟು, ಫ್ಯಾನು ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಬೇಯಿಸು. ಮಗುವಿನ ಲಂಗೋಟಿಗಳನ್ನು ರೇಡಿಯೇಟರುಗಳ ಮೇಲೆ ಹರವಬೇಡ. ಬಚ್ಚಲಿನಲ್ಲಿ ಹರವಿ, ಬಾಗಿಲು ಮುಚ್ಚಿ, ಫ್ಯಾನು ಓಡಿಸು. ಬೆಳಿಗ್ಗೆ ಎದ್ದ ಕೂಡಲೇ ಮುಂದಿನ, ಹಿಂದಿನ ಕಿಟಕಿಗಳನ್ನು ಹತ್ತು ನಿಮಿಷ ತೆರೆದಿಡು. ಕಾವೆಲ್ಲ ಹೋಗುತ್ತದೆಂದು ಹೆದರಬೇಡ. ಕಾವು ಗೋಡೆಯಲ್ಲಿ, ಮಂಚದಲ್ಲಿ, ಹಾಸಿಗೆಯಲ್ಲಿ ಕುಳಿತಿರುತ್ತದೆ, ಅಷ್ಟು ಹೊತ್ತಿಗೆ ಹೋಗುವುದು ತೇವದ ಗಾಳಿ ಮಾತ್ರ.

ಬಿಲ್ಲಿನ ಚಿಂತೆಯನ್ನು ಅಳಿಯಂದಿರು ಹೇಳಿಕೊಂಡರು. ಇಲ್ಲಿನ ಗ್ಯಾಸು, ವಿದ್ಯುತ್ತಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಹೊರಡಿಸುವ ಮಿತಿ ಒಂದು ಯೂನಿಟ್ಟಿನ ದರಕ್ಕೆ ಮತ್ತು ದಿನದ ಸ್ಥಿರ ಶುಲ್ಕಕ್ಕೆ ಮಾತ್ರ; ಒಟ್ಟು ಬಿಲ್ಲಿಗೆ ಮಿತಿಯಿಲ್ಲ, ಹೆಚ್ಚು ಉರಿಸಿದರೆ ಹೆಚ್ಚು ಕೊಡಲೇಬೇಕು. ಇಲ್ಲಿ ವಿದ್ಯುತ್ತಿನ ಯೂನಿಟ್ಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದರವಿರುವುದರಿಂದ ಆ ಎರಡು ಕಿಲೋವ್ಯಾಟಿನ ಫ್ಯಾನ್ ಹೀಟರನ್ನು ಮೂಲೆಗಿಡಿ. ನಿಮ್ಮದು ಕಾಂಬಿ ಬಾಯ್ಲರು, ಅಂದರೆ ನಲ್ಲಿಯ ಬಿಸಿನೀರನ್ನೂ ರೇಡಿಯೇಟರಿನ ನೀರನ್ನೂ ಒಂದೇ ಪೆಟ್ಟಿಗೆಯಲ್ಲಿ ಕಾಯಿಸುವಂಥದ್ದು. ಅದರ ಮುಖದ ಮೇಲೆ ನಲ್ಲಿಯ ಚಿತ್ರದ ಪಕ್ಕ ಒಂದು, ರೇಡಿಯೇಟರಿನ ಚಿತ್ರದ ಪಕ್ಕ ಒಂದು, ಹೀಗೆ ಎರಡು ತಿರುಗಣೆಗಳಿವೆ. ರೇಡಿಯೇಟರಿನದು 75ರಲ್ಲಿ ನಿಂತಿತ್ತು. 60ಕ್ಕೆ ಇಳಿಸಿ ನೋಡು. ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿರುವ ಹಬೆ ಬಾಯ್ಲರಿನೊಳಗೇ ನೀರಾಗಿ, ಹೊರಗೆ ಹೋಗಬೇಕಿದ್ದ ಕಾವು ಮನೆಗೆ ಸಿಗುತ್ತದೆ. ಮನೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ರೇಡಿಯೇಟರಿನ ಮುಂದಿನ ಸೋಫಾವನ್ನೂ ಸರಿಸಿ. ಐದು ವರ್ಷದೊಳಗಿನ ಮಗುವಿರುವ ಮನೆಯವರೂ ಬಸುರಿಯರೂ ವಿದ್ಯುತ್ ಕಂಪನಿಯ ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರಿನಲ್ಲಿ, ಅಂದರೆ ಹೆಚ್ಚಿನ ನೆರವು ಬೇಕಾದ ಮನೆಗಳ ಪಟ್ಟಿಯಲ್ಲಿ, ಹೆಸರು ಬರೆಸಬಹುದು. ಅದಕ್ಕೆ ದುಡ್ಡಿಲ್ಲ, ಈ ವಾರವೇ ಬರೆಸು.

ಉಳಿತಾಯ ಮಾಡಬಾರದ ಜಾಗವೆಂದರೆ ಮಗುವಿನ ಕೋಣೆ. ಆದರೆ ಅಲ್ಲಿ ಅತಿಯಾದ ಬಿಸಿಯೂ ಕೇಡು. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಲಿ ಎನ್ನುತ್ತಾರೆ. ನಿನ್ನ ಅಮ್ಮನಿಗೆ ಅದು ಚಳಿಯೆನಿಸುತ್ತದೆ, ಅವಳಿಗೆ ಇನ್ನೊಂದು ಶಾಲು ಕೊಡು, ಹೀಟರು ಏರಿಸಬೇಡ. ನನ್ನ ತಂಗಿ ಹೆಣೆದು ತರುವ ಕುಲಾವಿಯನ್ನು ಹೊರಗೆ ಹೋಗುವಾಗ ತೊಡಿಸು, ಮನೆಯೊಳಗೆ ಮಲಗಿಸುವಾಗ ತೆಗೆದುಬಿಡು. ಎಳೆ ಮಕ್ಕಳು ಮೈಯ ಹೆಚ್ಚಿನ ಕಾವನ್ನು ತಲೆಯಿಂದ ಹೊರಹಾಕುತ್ತವೆ, ಮೈ ಮಿತಿಮೀರಿ ಬಿಸಿಯಾಗುವುದಕ್ಕೂ ಮಕ್ಕಳು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವುದಕ್ಕೂ ನಂಟಿದೆ. ಕೈಕಾಲು ತಣ್ಣಗಿವೆಯೆಂದು ಗಾಬರಿಯಾಗಬೇಡ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡು. ತೊಟ್ಟಿಲಲ್ಲಿ ಬಿಸಿನೀರಿನ ಚೀಲ ಇಡಲೇಬೇಡ. ನಿನ್ನ ಸೊಂಟಕ್ಕೆ ಬೇಕಾದರೆ ಇಟ್ಟುಕೊಳ್ಳಬಹುದು, ಕುದಿಯುವ ನೀರು ಮಾತ್ರ ತುಂಬಬಾರದು. ಚೀಲದ ಮೇಲೆ ಹೂವಿನಾಕಾರದ ಒಂದು ಗುರುತಿರುತ್ತದೆ. ನಡುವೆ ತಯಾರಾದ ವರ್ಷ, ಎಸಳುಗಳಲ್ಲಿ ತಿಂಗಳು. ಎರಡು ವರ್ಷ ದಾಟಿದ್ದರೆ ಎಸೆದುಬಿಡು.

ಒಗ್ಗರಣೆಗೆ ಕಿರುಚುತ್ತದೆಂದು ಹೊಗೆಯ ಅಲಾರಮ್ಮಿನ ಬ್ಯಾಟರಿ ತೆಗೆದಿಟ್ಟಿದ್ದೀರಿ. ಈ ಪತ್ರ ಓದಿ ಮುಗಿಸಿದ ಕೂಡಲೇ ಹಾಕಿಸು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಎಂಬುದು ನಿನಗೆ ಗೊತ್ತಿದೆ, ನಿನ್ನ ಅಮ್ಮನಿಗೂ ಒಮ್ಮೆ ನೆನಪಿಸು.

ಬಾಯ್ಲರಿನಂಥ ಉಪಕರಣವಿರುವ ವಾಸದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮು, ಪ್ರತಿ ಅಂತಸ್ತಿನಲ್ಲಿ ಹೊಗೆಯ ಅಲಾರಮ್ಮು ಒದಗಿಸುವುದು 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳ ಮಾಲೀಕರ ಕರ್ತವ್ಯ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವ, ಅಂದರೆ ಗ್ಯಾಸಿನ ಕೆಲಸಕ್ಕೆ ಅಧಿಕೃತ ಅನುಮತಿಯಿರುವ, ಎಂಜಿನಿಯರಿಂದ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ನಿಮಗೆ ಕೊಡಬೇಕು. ನಾನು ಕೇಳಿದಾಗ ನಿಮ್ಮಿಬ್ಬರ ಬಳಿಯೂ ಅದು ಇರಲಿಲ್ಲ. ನಾಳೆಯೇ ಕೇಳಿ ತರಿಸಿಕೊಳ್ಳಿ, ಸಂಕೋಚ ಬೇಡ. ಗ್ಯಾಸಿನ ವಾಸನೆ ಬಂದರೆ ಅಥವಾ ಕಾರ್ಬನ್ ಮಾನಾಕ್ಸೈಡಿನ ಅಲಾರಮ್ಮು ಕೂಗಿದರೆ ಎಲ್ಲರೂ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಇದನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸು. ನೀನು ಆಸ್ಪತ್ರೆಯಲ್ಲಿರುವ ದಿನ ಮನೆಯಲ್ಲಿ ನಿನ್ನ ಅಮ್ಮ ಒಬ್ಬಳೇ ಇರುತ್ತಾಳೆ.

ಕೆಂಡದ ವಿಷಯವನ್ನು ಅವಳಿಗೆ ನೀನು ಹೇಳುವುದು ಬೇಡ, ಬಾಣಂತನಕ್ಕೆ ಬಂದ ತಾಯಿಗೂ ಮಗಳಿಗೂ ಆ ಮಾತಿನಿಂದ ಮುನಿಸು ಬೆಳೆಯುತ್ತದೆ. ನಾನು ಶನಿವಾರ ತೀರ್ಥಹಳ್ಳಿಗೆ ಫೋನ್ ಮಾಡಿ ಪಂಚೆಯ ತುಂಡಿನ ಕತೆಯನ್ನು ಹೇಳುತ್ತೇನೆ. ಇಷ್ಟು ವರ್ಷ ಅವಳು ಹೆದರುತ್ತಾಳೆಂದು ಮುಚ್ಚಿಟ್ಟಿದ್ದೆ. ಎಣ್ಣೆ ನೀರಿನ ದಿನ ನಾನೂ ಬರುತ್ತೇನೆ. ಬಿಸಿ ಮಾಡಿದ ಟವೆಲ್ಲಿನಲ್ಲಿ ನಿನ್ನ ತಲೆ ಒರೆಸುವ ಕೆಲಸ ನನಗಿರಲಿ.

ಇತಿ ನಿನ್ನ,
ದೊಡ್ಡಮ್ಮ