ನಮ್ಮ ಕರಾವಳಿ ಪ್ರವಾಸದಲ್ಲಿ ಒಂದು ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮೈಸೂರಿನಿಂದ ಹೊರಡುವ ನಮ್ಮ ಕರಾವಳಿ ಪ್ರವಾಸದಲ್ಲಿ ಈ ದಸರಾ ರಜೆಯಿಂದ ತಂಗುವ ಜಾಗ ಬದಲಾಗುತ್ತಿದೆ. ಇಷ್ಟು ದಿನ ಕಡಲಿಗೆ ಅಂಟಿಕೊಂಡ ರೆಸಾರ್ಟ್‌ನಲ್ಲಿ ಉಳಿಸುತ್ತಿದ್ದೆವು. ಇನ್ನು ಮುಂದೆ ಉಡುಪಿ ಪೇಟೆಯಲ್ಲಿ ರೂಮು. ಕಡಲಿಗೆ ಹೋಗುವುದು ಊರವರೆಲ್ಲ ಬಳಸುವ ದಾರಿಯಲ್ಲಿ: ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ.

ಆ ರೆಸಾರ್ಟ್ ಗೇಟಿನಲ್ಲಿ ನಮ್ಮ ಪ್ರಯಾಣಿಕರನ್ನು ಒಳಗೆ ಬಿಡುತ್ತಿದ್ದರು, ಅದೇ ಊರಿನವರನ್ನು ಸುತ್ತು ಹಾಕಿ ಹೋಗಿ ಅನ್ನುತ್ತಿದ್ದರು. ಇದು ನಮಗೆ ಸರಿ ಅನ್ನಿಸಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕಾದರೆ ಇಂಥದ್ದೇ ಹೋಟೆಲಿನಲ್ಲಿ ರೂಮು ಮಾಡಿರಬೇಕು ಅಂದರೆ ನಾವು ಒಪ್ಪುತ್ತೇವಾ? ನದಿ, ಕಡಲತೀರದಂಥವು ಜನರ ಪರವಾಗಿ ಸರ್ಕಾರ ಕಾಯಬೇಕಾದ ಆಸ್ತಿ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಬಿಯಾಸ್ ನದಿ ದಡದ ಮೊಕದ್ದಮೆಯಲ್ಲಿ, ಹೇಳಿದೆ. ತೀರ ಎಲ್ಲರದ್ದು ಅಂದಮೇಲೆ ಅಲ್ಲಿಗೆ ಹೋಗುವ ದಾರಿಯೂ ತೆರೆದಿರಬೇಕು ಅಲ್ವಾ?

ಸೌಕರ್ಯ ಕಡಿಮೆಯಾಗುತ್ತದೆ ಎಂದು ಚಿಂತೆ ಬೇಡ. ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು, ಅಂಗವಿಕಲರಿಗೆ ಅನುಕೂಲ ಎಲ್ಲವನ್ನೂ ನೋಡಿ ಕೊಡುವ ಮಾನ್ಯತೆ ಅದು. ಮಂಡಿ ನೋವಿರುವ ಅಜ್ಜಿ ತಾತಂದಿರನ್ನು ಕರೆತರುವವರು ಮೊದಲೇ ತಿಳಿಸಿ, ಅಲ್ಲಿ ಜಾಸ್ತಿ ಹೊತ್ತು ನಿಲ್ಲಿಸುತ್ತೇವೆ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ಅಲೆ ಜೋರು, ದಯವಿಟ್ಟು ನೀರಿಗೆ ಇಳಿಯಬೇಡಿ. ನೋಡಿದರೇ ಮನಸ್ಸು ತುಂಬುತ್ತದೆ. ಪ್ರವೇಶ, ಪಾರ್ಕಿಂಗ್ ಶುಲ್ಕ ಇರುವ ಕಡೆ ಅದನ್ನು ನಾವೇ ಕಟ್ಟುತ್ತೇವೆ.

ನಿಮ್ಮಿಂದಲೂ ಒಂದು ಸಹಾಯ ಬೇಕು. ಕಡಲತೀರ ಮೀನುಗಾರರಿಗೆ ಕೆಲಸದ ಜಾಗ. ಕೈರಂಪಣಿ ಬಲೆಯನ್ನು ದಡದಲ್ಲಿ ನಿಂತೇ ಎಳೆಯಬೇಕು, ಅದಕ್ಕೆ ಉದ್ದಕ್ಕೆ ಖಾಲಿ ಮರಳು ಬೇಕು. ದೋಣಿ ಎಳೆದಿಡುವುದು, ಬಲೆ ಹರಡುವುದು, ಮೀನು ಒಣಗಿಸುವುದು ಎಲ್ಲ ಅಲ್ಲೇ. ಪ್ರವಾಸಿ ವಾಹನಗಳು ಅವರ ಓಣಿಗೆ ಅಡ್ಡ ನಿಂತರೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಎಲ್ಲಿಂದ ಹೋಗಬೇಕು? ಅದಕ್ಕೇ ನಮ್ಮ ಟೆಂಪೋ ಟ್ರಾವೆಲರ್ ಇನ್ನು ಮುಖ್ಯ ರಸ್ತೆಯ ಹತ್ತಿರವೇ ನಿಲ್ಲುತ್ತದೆ, ಮರಳಿಗೆ ಇಳಿಯುವುದಿಲ್ಲ. ಸ್ವಲ್ಪ ನಡೆಯಬೇಕು. ನಡೆಯಲು ಕಷ್ಟ ಇರುವವರನ್ನು ಮಾತ್ರ ಹತ್ತಿರ ಇಳಿಸಿ ಗಾಡಿ ವಾಪಸ್ ತರುತ್ತೇವೆ. ಬಲೆ ದಾಟಬೇಡಿ, ಕೇಳದೆ ದೋಣಿ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ. ಆ ತಿಂಗಳುಗಳಲ್ಲಿ ಈ ಪ್ರವಾಸ ಇರುವುದಿಲ್ಲ.

ರೆಸಾರ್ಟ್ ಲೆಕ್ಕದಲ್ಲಿ ಈಗಾಗಲೇ ಮುಂಗಡ ಕೊಟ್ಟವರಿಗೆ ರೂಮಿನ ಬಾಡಿಗೆಯ ವ್ಯತ್ಯಾಸವನ್ನು ವಾಪಸ್ ಕೊಡುತ್ತೇವೆ. ಈ ಬದಲಾವಣೆ ಬೇಡ ಅನ್ನುವವರಿಗೆ ಪೂರ್ತಿ ಹಣ ವಾಪಸ್. ಹೊರಡುವ ಹದಿನೈದು ದಿನ ಮೊದಲು ರಸೀದಿಯೊಂದಿಗೆ ನಮ್ಮ ಕಚೇರಿಗೆ ಬನ್ನಿ.

ಇಂತಿ ನಿಮ್ಮ,
ಪ್ರವಾಸಿ ವಾಹನ ಚಾಲಕರ ಸಹಕಾರ ಸಂಘದ ಪರವಾಗಿ,
ಕಾರ್ಯದರ್ಶಿ, ಮೈಸೂರು