ಹಡಗಿನ ಊಟದ ಬೇಕು–ಬೇಡಗಳನ್ನು ಟಿಕೆಟ್ ಮಾರುವಾಗಲೇ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆಯ ಪ್ರವಾಸದ ಜಾಹೀರಾತುಗಳು ಪತ್ರಿಕೆಗಳ ಪುಟಗಳನ್ನು ತುಂಬತೊಡಗಿವೆ. ಸಿಂಗಪುರ–ಮಲೇಷ್ಯಾ ಪ್ರವಾಸಕ್ಕೆ ಕೆಲವು ರಾತ್ರಿಗಳ ಕ್ರೂಸ್ ಸೇರಿಸಿ ಮಾರುವುದು ಈಗ ಬೆಂಗಳೂರಿನ ಏಜೆನ್ಸಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ; ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳಲ್ಲಿಯೂ ಇಂಥ ಪ್ಯಾಕೇಜುಗಳು ಸಿಗುತ್ತವೆ. ಜಾಹೀರಾತಿನ ಕೊನೆಯಲ್ಲಿ ಸಾಮಾನ್ಯವಾಗಿ ‘ಭಾರತೀಯ ಶಾಕಾಹಾರಿ ಊಟ ಲಭ್ಯ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲು ಸುಳ್ಳಲ್ಲ. ಆದರೆ ಊಟದ ವಿಷಯದಲ್ಲಿ ಬೇಕು–ಬೇಡಗಳು ಹೆಚ್ಚಿರುವವರಿಗೆ, ಅಂದರೆ ಮೊಟ್ಟೆಯ ವಾಸನೆಯನ್ನೂ ಸಹಿಸದವರಿಗೆ, ಅಣಬೆ ಕಂಡರೆ ತಟ್ಟೆ ಸರಿಸುವವರಿಗೆ, ಬೆಳ್ಳುಳ್ಳಿ ಮುಟ್ಟದವರಿಗೆ, ಮೊಸರನ್ನವಿಲ್ಲದೆ ಊಟ ಮುಗಿಸಲಾರದವರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಇಂಥವರು ಹಡಗಿನಲ್ಲಿ ಅರೆಹೊಟ್ಟೆಯಲ್ಲಿ ಇರಬೇಕಾಗುವುದು ಅಲ್ಲಿ ಊಟಕ್ಕೆ ಕೊರತೆ ಇದೆಯೆಂದಲ್ಲ, ಅವರಿಗೆ ಏನು ಬೇಕು ಎಂಬುದು ಅಡುಗೆಮನೆಗೆ ಸಮಯಕ್ಕೆ ಸರಿಯಾಗಿ ತಲುಪಿರುವುದಿಲ್ಲ ಎಂದು. ಈ ಪತ್ರ ಬರೆಯಲು ಅದೇ ಕಾರಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತಟ್ಟೆಯ ಮುಂದೆ ಹಟ ಮಾಡುವವರಿಗೆ ಹಡಗು ವಾಸ್ತವದಲ್ಲಿ ಹೋಟೆಲಿಗಿಂತ ಅನುಕೂಲದ ಜಾಗ. ದೊಡ್ಡ ಕ್ರೂಸ್‌ಗಳಲ್ಲಿ ಮುಖ್ಯ ಊಟದ ಹಾಲ್ ಮತ್ತು ಬಫೆ ಎರಡೂ ಟಿಕೆಟ್ ದರದಲ್ಲಿಯೇ ಸೇರಿರುತ್ತವೆ. ಹಾಲ್‌ನಲ್ಲಿ ಮೇಜಿಗೆ ಬಂದು ಆರ್ಡರ್ ಪಡೆಯುತ್ತಾರೆ. ತಂದ ತಿನಿಸು ಹಿಡಿಸದಿದ್ದರೆ ಹಿಂದಕ್ಕೆ ಕಳಿಸಿ ಬೇರೊಂದನ್ನು ತರಿಸಿಕೊಳ್ಳಬಹುದು, ಅದಕ್ಕೆ ಪ್ರತ್ಯೇಕ ಬಿಲ್ ಬರುವುದಿಲ್ಲ. ಮುಖ್ಯ ಊಟದ ಬದಲು ಎರಡು ಬಗೆಯ ಸೂಪನ್ನೋ, ಎರಡು ತಟ್ಟೆ ಬೇಯಿಸಿದ ತರಕಾರಿಯನ್ನೋ ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ನಿಗದಿತ ವೇಳೆಯ ಊಟವನ್ನು ಆರಿಸಿಕೊಂಡವರಿಗೆ ಸಾಮಾನ್ಯವಾಗಿ ಪ್ರತಿ ರಾತ್ರಿಯೂ ಅದೇ ಮೇಜು, ಅದೇ ಬಡಿಸುವವರು. ಬೇಕಾದಾಗ ಬಂದು ಕೂರುವ ವ್ಯವಸ್ಥೆ ಸ್ವತಂತ್ರವೆನಿಸಿದರೂ, ಅಲ್ಲಿ ಪ್ರತಿದಿನ ಹೊಸಬರೊಬ್ಬರಿಗೆ ಮೊದಲಿನಿಂದ ಎಲ್ಲವನ್ನೂ ವಿವರಿಸಬೇಕಾಗುತ್ತದೆ. ಆದ್ದರಿಂದ ಬೇಕು–ಬೇಡ ಹೆಚ್ಚಿರುವ ಕುಟುಂಬಗಳು ನಿಗದಿತ ವೇಳೆಯನ್ನೇ ಕೇಳಿ ಪಡೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ತೊಡಕು ಇರುವುದು ಹಡಗಿನ ಅಡುಗೆಮನೆ ನಡೆಯುವ ರೀತಿಯಲ್ಲಿ. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಗರಿಷ್ಠ ಸುಮಾರು 7,600 ಪ್ರಯಾಣಿಕರಿಗೆ ಅವಕಾಶವಿದೆ. ಅಷ್ಟು ದೊಡ್ಡದಲ್ಲದ ಹಡಗುಗಳಲ್ಲಿಯೂ ಎರಡು ಮೂರು ಸಾವಿರ ಜನ ಇರುವುದು ಸಾಮಾನ್ಯ. ಇಷ್ಟು ಜನರ ದಿನಸಿ ಬಹುಮಟ್ಟಿಗೆ ಹೊರಡುವ ಬಂದರಿನಲ್ಲಿಯೇ ಹಡಗಿಗೆ ಏರಬೇಕು. ಯಾವ ರಾತ್ರಿ ಏನು, ಎಷ್ಟು ತಟ್ಟೆ ಎಂಬ ಲೆಕ್ಕ ಮೊದಲೇ ಸಿದ್ಧವಾಗಿರುತ್ತದೆ. ಸಾರು, ಗ್ರೇವಿ, ಸಾಸ್‌ಗಳ ತಳಪದಾರ್ಥಗಳನ್ನು ಊಟಕ್ಕೆ ಗಂಟೆಗಟ್ಟಲೆ ಮುಂಚೆಯೇ ದೊಡ್ಡ ಪಾತ್ರೆಗಳಲ್ಲಿ ಮಾಡಿಟ್ಟಿರುತ್ತಾರೆ. ಹೀಗಿರುವಾಗ ಮೇಜಿಗೆ ಬಂದು ಕುಳಿತ ಮೇಲೆ ‘ಬೆಳ್ಳುಳ್ಳಿ ಇಲ್ಲದ ದಾಲ್ ಕೊಡಿ’ ಎಂದರೆ, ಆ ದಾಲ್‌ನಿಂದ ಬೆಳ್ಳುಳ್ಳಿಯನ್ನು ತೆಗೆಯುವುದು ಯಾವ ಬಾಣಸಿಗನಿಗೂ ಸಾಧ್ಯವಿಲ್ಲ. ಅದೇ ಮಾತನ್ನು ಹಿಂದಿನ ರಾತ್ರಿಯೇ ಹೇಳಿದ್ದರೆ, ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಒಗ್ಗರಣೆ ಹಾಕಿಕೊಡುವುದು ಅವರಿಗೆ ಕಷ್ಟದ ಕೆಲಸವಲ್ಲ.

ಬೆಂಕಿಯ ಭಯದಿಂದ ಹಡಗಿನ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಗ್ಯಾಸ್ ಒಲೆ ಇರುವುದಿಲ್ಲ, ಎಲ್ಲವೂ ವಿದ್ಯುತ್ತಿನಿಂದ ನಡೆಯುತ್ತದೆ. ಆದ್ದರಿಂದ ಕೆಂಡದ ಮೇಲೆ ಉಬ್ಬಿದ ಫುಲ್ಕಾ ಅಲ್ಲಿ ಸಿಗದು. ಸಿಗುವುದು ಕಾದ ಹಂಚಿನ ಮೇಲೆ ಬೇಯಿಸಿದ ಚಪಾತಿ. ಅನ್ನವೂ ರಾಶಿಯಾಗಿ ಆವಿಯಲ್ಲಿ ಬೆಂದು ಉದುರುದುರಾಗಿರುತ್ತದೆ. ಮೆತ್ತಗಿನ ಅನ್ನಕ್ಕೆ ಒಗ್ಗಿಕೊಂಡ ನಮ್ಮ ಹಿರಿಯರಿಗೆ ಇದು ಚಿಕ್ಕ ತೊಂದರೆಯಲ್ಲ. ಆದರೆ ಸ್ವಲ್ಪ ಅನ್ನವನ್ನು ಹೆಚ್ಚು ನೀರಿನಲ್ಲಿ ಮತ್ತೆ ಬೇಯಿಸಿಕೊಡಿ ಎಂದು ಮುಂಚೆಯೇ ತಿಳಿಸಿದರೆ ಮಾಡಿಕೊಡುತ್ತಾರೆ. ಮೊಸರು ಬಹುತೇಕ ಎಲ್ಲ ಹಡಗುಗಳ ಬೆಳಗಿನ ತಿಂಡಿಯಲ್ಲಿ ಇರುತ್ತದೆ. ರಾತ್ರಿ ಅದನ್ನು ತರಿಸಿಕೊಳ್ಳಲು ಬೇಕಾಗಿರುವುದು ಬಾಯಿ ಬಿಟ್ಟು ಕೇಳುವ ಧೈರ್ಯ ಮಾತ್ರ, ನಮ್ಮವರಲ್ಲಿ ಅನೇಕರಿಗೆ ಅದೇ ಇರುವುದಿಲ್ಲ.

ಕಣ್ಣಿಗೆ ಕಾಣದ ಪದಾರ್ಥಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಮೊಟ್ಟೆ ಇರುವ ಪೊಟ್ಟಣಕ್ಕೆ ಹಸಿರು ಗುರುತು ಹಾಕುವಂತಿಲ್ಲ. ವಿದೇಶಿ ಹಡಗುಗಳ ಮೆನುವಿನಲ್ಲಿ ಹಾಗಲ್ಲ. ಅಲ್ಲಿ ಶಾಕಾಹಾರದ ಚಿಹ್ನೆ ಇರುವ ಕೇಕ್, ಪಾಸ್ತಾ, ಬ್ರೆಡ್‌ಗಳಲ್ಲಿ ಮೊಟ್ಟೆ ಇರಬಹುದು. ತರಕಾರಿ ಸೂಪ್‌ಗೆ ಮೂಳೆ ಬೇಯಿಸಿದ ನೀರನ್ನು ಬಳಸಿರಬಹುದು. ಮೂಸ್, ಪನ್ನಾ ಕೋಟಾದಂತಹ ಸಿಹಿಗಳನ್ನು ಗಟ್ಟಿಯಾಗಿಸುವ ಜೆಲಟಿನ್ ಪ್ರಾಣಿಜನ್ಯ. ಇಟಲಿಯ ನಿಜವಾದ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ಪಡೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸಿಯೇ ಮಾಡುತ್ತಾರೆ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಎಂಬ ಚಿಕ್ಕ ಮೀನು ಇರುವುದು ರೂಢಿ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಏಷ್ಯಾದ ಅಡುಗೆ ಹೆಚ್ಚಿರುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಬರೀ ಹಸಿರು ಸೊಪ್ಪಿನ ಪಲ್ಯದಂತೆ ಕಾಣುವುದಕ್ಕೂ ಸಮುದ್ರದ ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ಅಥವಾ ಸೀಗಡಿಯ ಪೇಸ್ಟ್ ಬಿದ್ದಿರುವುದು ಸಾಧ್ಯ. ಇದರಲ್ಲಿ ಹಡಗಿನವರು ಮೋಸ ಮಾಡುತ್ತಿದ್ದಾರೆ ಎಂದು ದೂರುವಂಥದ್ದೇನೂ ಇಲ್ಲ. ಅವರ ರೂಢಿ ಅದು, ನಮ್ಮ ರೂಢಿ ಇದು. ಅದನ್ನು ತಿಳಿಸಿ ಹೇಳಬೇಕಾದವರು ನಡುವೆ ನಿಂತು ಹಣ ಪಡೆದವರು.

ಯುರೋಪಿನ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಒಂದು ಅನುಕೂಲವಿದೆ. 2014ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮದಂತೆ, ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕು. ಒಕ್ಕೂಟದ ದೇಶಗಳಿಂದ ಹೊರಡುವ ಸಾರಿಗೆ ಸಂಸ್ಥೆಗಳ ಊಟಕ್ಕೂ ಅದು ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಮೊಟ್ಟೆ, ಮೀನು, ಸೀಗಡಿಯ ಜಾತಿ, ಹಾಲು, ಎಳ್ಳು, ಸಾಸಿವೆ ಇವೆ. ಆದ್ದರಿಂದ ಮೊಟ್ಟೆ ತಿನ್ನದವರು ಅಲರ್ಜಿಯ ಪಟ್ಟಿಯನ್ನೇ ಕೇಳಿ ನೋಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಅಣಬೆಗಳ ಸುದ್ದಿ ಆ ಪಟ್ಟಿಯಲ್ಲಿ ಇಲ್ಲ, ಅವನ್ನು ಬಾಯಿಂದಲೇ ವಿಚಾರಿಸಬೇಕು. ಹಾಗೆಂದು, ಬರೀ ಇಷ್ಟವಿಲ್ಲದ್ದನ್ನು ‘ಅಲರ್ಜಿ’ ಎಂದು ಹೇಳಿ ಕೆಲಸ ಸಾಧಿಸಿಕೊಳ್ಳುವ ಕೆಲವರ ಜಾಣತನವನ್ನು ನಾನು ಒಪ್ಪುವುದಿಲ್ಲ. ಅಲರ್ಜಿ ಎಂದ ಕೂಡಲೇ ಅಡುಗೆಮನೆಯವರು ಪಾತ್ರೆ, ಚಾಕು, ಹಲಗೆ ಎಲ್ಲವನ್ನೂ ಬೇರೆ ಮಾಡಬೇಕಾಗುತ್ತದೆ; ಅದು ಪ್ರಾಣಕ್ಕೆ ಅಪಾಯವಿರುವವರಿಗಾಗಿ ಇರುವ ಏರ್ಪಾಡು.

ಏಜೆನ್ಸಿಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಕುಟುಂಬ ಹೊರಟಾಗ ಏಜೆನ್ಸಿಯವರು ಕೊಟ್ಟ ಅರ್ಜಿಯಲ್ಲಿ ಊಟಕ್ಕೆ ಇದ್ದದ್ದು ಮೂರೇ ಚೌಕಗಳು: ಮಾಂಸಾಹಾರ, ಶಾಕಾಹಾರ, ಜೈನ. ನನ್ನ ತಾಯಿಯವರು ಮೊಟ್ಟೆ, ಬೆಳ್ಳುಳ್ಳಿ, ಅಣಬೆ ಮುಟ್ಟುವುದಿಲ್ಲ, ಆದರೆ ಈರುಳ್ಳಿ, ಆಲೂಗಡ್ಡೆಗಳನ್ನು ಇಷ್ಟಪಟ್ಟು ತಿನ್ನುತ್ತಾರೆ ಎಂದು ವಿವರವಾಗಿ ತಿಳಿಸಿದ್ದರೂ, ಅವರು ಜೈನ ಚೌಕಕ್ಕೆ ಗುರುತು ಹಾಕಿ ಕೈತೊಳೆದುಕೊಂಡಿದ್ದರು. ಪರಿಣಾಮವಾಗಿ ಮೊದಲ ರಾತ್ರಿ ಪಕ್ಕದ ಮೇಜಿಗೆಲ್ಲ ಆಲೂಗಡ್ಡೆಯ ಪಲ್ಯ ಹೋಗುತ್ತಿದ್ದರೂ ತಾಯಿಯವರ ತಟ್ಟೆಗೆ ಅದು ಬರಲಿಲ್ಲ; ನಿಯಮಕ್ಕೆ ಬದ್ಧನಾದ ಬಡಿಸುವ ಹುಡುಗ, ಕೇಳಿದರೂ ವಿನಯದಿಂದಲೇ ನಿರಾಕರಿಸಿದ. ಕೊನೆಗೆ ನೆರವಾದವರು ಊಟದ ಹಾಲ್‌ನ ಹೆಡ್ ವೇಟರ್. ಅವರು ಮರುದಿನದ ಮೆನುವನ್ನು ಹಿಂದಿನ ರಾತ್ರಿಯೇ ತಂದು ತೋರಿಸಿ, ಯಾವುದು ಬೇಕು, ಅದರಲ್ಲಿ ಏನು ಬೇಡ ಎಂದು ಬರೆದುಕೊಂಡು ಹೋಗತೊಡಗಿದ ಮೇಲೆ ಯಾವ ದೂರೂ ಉಳಿಯಲಿಲ್ಲ. ವಿಶೇಷ ಪಥ್ಯದವರಿಗೆ ಹೀಗೆ ಮುಂಚಿತವಾಗಿ ಮೆನು ತೋರಿಸುವ ಪದ್ಧತಿ ಅನೇಕ ಕಂಪನಿಗಳಲ್ಲಿದೆ. ಗೋವಾ, ಕೇರಳ ಮತ್ತು ನಮ್ಮ ಕರಾವಳಿಯ ಅನೇಕರು ಕ್ರೂಸ್‌ಗಳ ಊಟದ ವಿಭಾಗದಲ್ಲಿ ದುಡಿಯುತ್ತಿರುವುದರಿಂದ, ತಿಳಿಸಾರು ಎಂದರೇನು ಎಂಬುದನ್ನು ವಿವರಿಸಬೇಕಾದ ಪ್ರಮೇಯವೂ ಎಷ್ಟೋ ಸಲ ಬರುವುದಿಲ್ಲ.

ಇಷ್ಟು ಸರಳವಾದ ಮಾಹಿತಿಯನ್ನು ಟಿಕೆಟ್ ಮಾರುವಾಗ ಹೇಳಲು ಏಜೆನ್ಸಿಗಳಿಗೆ ಏನು ಅಡ್ಡಿ ಎಂಬುದೇ ನನ್ನ ಪ್ರಶ್ನೆ. ವಿಶೇಷ ಊಟದ ಕೋರಿಕೆಗಳು ಪ್ರಯಾಣಕ್ಕೆ ಎಷ್ಟೋ ವಾರ ಮುಂಚೆ ಬರಬೇಕೆಂದು ದೊಡ್ಡ ಕಂಪನಿಗಳು ತಮ್ಮ ನಿಬಂಧನೆಗಳಲ್ಲಿಯೇ ತಿಳಿಸಿರುತ್ತವೆ. ಏಜೆನ್ಸಿಗಳು ಅದನ್ನು ಗ್ರಾಹಕರಿಗೆ ತಲುಪಿಸದೆ, ಅದರ ಬದಲು ಸ್ಟೀಕ್ ಹೌಸ್, ತೆಪ್ಪನ್ಯಾಕಿ ಮುಂತಾದ ಪ್ರತ್ಯೇಕ ದರದ ರೆಸ್ಟೋರೆಂಟ್‌ಗಳ ‘ಡೈನಿಂಗ್ ಪ್ಯಾಕೇಜ್’ ಮಾರಲು ತೋರುವ ಉತ್ಸಾಹವನ್ನು ನೋಡಿದರೆ ಅಚ್ಚರಿಯಾಗುತ್ತದೆ. ಮಾಂಸ ತಿನ್ನದ, ಹೊಸ ರುಚಿಗೆ ಹಿಂಜರಿಯುವ ಕುಟುಂಬಕ್ಕೆ ಸ್ಟೀಕ್ ಹೌಸ್‌ನಲ್ಲಿ ಹುರಿದ ಆಲೂಗಡ್ಡೆ ಬಿಟ್ಟು ಹೆಚ್ಚಿನದೇನೂ ದಕ್ಕದು. ಆ ಹಣವನ್ನು ಉಳಿಸಿ, ಹಾಲ್‌ನಲ್ಲಿ ಉಪಚರಿಸಿದವರಿಗೆ ಸ್ವಲ್ಪ ಹೆಚ್ಚಿನ ಭಕ್ಷೀಸು ಕೊಡುವುದು ಎಷ್ಟೋ ನ್ಯಾಯ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ಆಸುಪಾಸಿನ ಭಕ್ಷೀಸು ತಾನಾಗಿಯೇ ಖಾತೆಗೆ ಸೇರುತ್ತದೆ ಎಂಬುದನ್ನೂ ಇವರು ಮೊದಲೇ ತಿಳಿಸುವುದಿಲ್ಲವೆಂಬ ದೂರು ಬೇರೆಯದೇ ಪತ್ರಕ್ಕೆ ವಸ್ತುವಾದೀತು.

ಮನೆಯಿಂದ ಅಡುಗೆ ಕಟ್ಟಿಕೊಂಡು ಹೋಗುವ ನಮ್ಮ ಹಳೆಯ ಉಪಾಯ ಹಡಗಿನಲ್ಲಿ ನಡೆಯದು. ಮನೆಯಲ್ಲಿ ಮಾಡಿದ ತಿನಿಸುಗಳನ್ನು ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಅಂಗಡಿಯ ಮುಚ್ಚಿದ ಪೊಟ್ಟಣದ ಚಕ್ಕುಲಿ, ಅವಲಕ್ಕಿ, ಚಟ್ನಿಪುಡಿಗಳಿಗೆ ಸಾಮಾನ್ಯವಾಗಿ ಆಕ್ಷೇಪವಿರುವುದಿಲ್ಲ. ರೈಸ್ ಕುಕ್ಕರ್, ವಿದ್ಯುತ್ ಕೆಟಲ್‌ಗಳನ್ನು ಬೆಂಕಿಯ ಕಾರಣಕ್ಕೆ ನಿಷೇಧಿಸಿರುತ್ತಾರೆ, ತಪಾಸಣೆಯಲ್ಲಿ ಸಿಕ್ಕಿದರೆ ಎತ್ತಿಟ್ಟುಕೊಳ್ಳುತ್ತಾರೆ. ಈ ಬಿಗಿಗೆ ಕಾರಣವಿಲ್ಲದಿಲ್ಲ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ನೈರ್ಮಲ್ಯವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಮುನ್ಸೂಚನೆ ಕೊಡದೆ ಪರೀಕ್ಷಿಸಿ 100ಕ್ಕೆ ಅಂಕ ನೀಡುತ್ತದೆ; 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ನೊರೊವೈರಸ್‌ನಂತಹ ವಾಂತಿಭೇದಿಯ ಸೋಂಕು ಹಡಗಿನಲ್ಲಿ ಬೇಗ ಹರಡುವುದರಿಂದ ಬಫೆಯ ಬಾಗಿಲಲ್ಲಿ ಕೈತೊಳೆಯಲು ಒತ್ತಾಯಿಸುತ್ತಾರೆ. ಬಫೆಯಲ್ಲಿ ಒಂದು ಬಾಣಲೆಯ ಸೌಟು ಇನ್ನೊಂದಕ್ಕೆ ಹೋಗುವುದನ್ನು ತಡೆಯಲಾಗದು. ಸೂಕ್ಷ್ಮದವರು ಬಾಗಿಲು ತೆರೆಯುತ್ತಲೇ ಹೋಗುವುದು, ಇಲ್ಲವೇ ಹಾಲ್‌ನಲ್ಲಿ ಕೂತು ಉಣ್ಣುವುದು ಒಳ್ಳೆಯದು.

ಮಕ್ಕಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನಮ್ಮ ತಂಡದಲ್ಲಿಯೇ ಒಬ್ಬ ಹುಡುಗ ಬಿಳಿ ಅನ್ನ, ಮೊಸರು, ಬರಿಯ ಬ್ರೆಡ್ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ‘ಇಷ್ಟು ದುಡ್ಡು ಕೊಟ್ಟು ಬಂದು ಮೊಸರನ್ನ ತಿನ್ನುತ್ತೀಯಾ’ ಎಂದು ಸಹಪ್ರಯಾಣಿಕರು ಹಂಗಿಸುವುದು, ಅವನ ತಾಯಿಗೆ ಉಪದೇಶ ಮಾಡುವುದು ಪ್ರತಿ ಊಟದಲ್ಲೂ ನಡೆಯುತ್ತಿತ್ತು. ಆಹಾರದ ಬಣ್ಣ, ವಾಸನೆ, ಮೃದುತ್ವಗಳನ್ನು ಸಹಿಸಲಾಗದೆ ತೀರ ಕೆಲವೇ ಪದಾರ್ಥಗಳಿಗೆ ಸೀಮಿತವಾಗುವ ಒಂದು ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿಯೇ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಸೇರಿಸಿದೆ. ಪ್ರತಿ ಹಟಮಾರಿ ಮಗುವಿಗೂ ಆ ತೊಂದರೆ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಆ ಮಗುವಿಗೆ ಕೇಳಿದಷ್ಟು ಮೊಸರನ್ನವನ್ನು ಹಡಗಿನವರು ಮುಖ ಸಿಂಡರಿಸದೆ ಕೊಡುತ್ತಿದ್ದಾಗ, ಆಕ್ಷೇಪಿಸಲು ನಮ್ಮವರಿಗೆ ಯಾವ ಅಧಿಕಾರವಿತ್ತೋ ತಿಳಿಯದು.

ಇಂಥ ಕುಟುಂಬಗಳು ಮೊದಲ ಯಾನಕ್ಕೆ ನಮ್ಮ ದೇಶದಿಂದಲೇ ಹೊರಡುವ ಹಡಗನ್ನು ಯೋಚಿಸಬಹುದು. 2021ರ ಸೆಪ್ಟೆಂಬರ್‌ನಿಂದ ಕಾರ್ಡೆಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಯಾನ ನಡೆಸಿದೆ; ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರೇ ಆದ್ದರಿಂದ ಅಲ್ಲಿ ನಮ್ಮ ಊಟ ವಿಶೇಷ ಕೋರಿಕೆಯಲ್ಲ, ದಿನನಿತ್ಯದ ಅಡುಗೆ. 2022ರಿಂದ ಸಿಂಗಪುರದಿಂದ ಹೊರಡುತ್ತಿರುವ ‘ಜೆಂಟಿಂಗ್ ಡ್ರೀಮ್’ ಹಡಗಿನಲ್ಲಿಯೂ ಭಾರತೀಯ ಶಾಕಾಹಾರ ಮತ್ತು ಜೈನ ಊಟದ ಏರ್ಪಾಡು ಇದೆ. ಅಲಾಸ್ಕ, ಮೆಡಿಟರೇನಿಯನ್ ಯಾನಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಪ್ರವಾಸಿ ಏಜೆನ್ಸಿಗಳಿಗೆ ಮತ್ತು ಅವುಗಳ ಸಂಘಗಳಿಗೆ ನನ್ನ ವಿನಂತಿ ಇಷ್ಟೆ. ಮೂರು ಚೌಕಗಳ ಬದಲು, ಪ್ರತಿ ಪ್ರಯಾಣಿಕರೂ ತಾವು ತಿನ್ನುವುದನ್ನೂ ತಿನ್ನದಿರುವುದನ್ನೂ ಹೆಸರು ಹಿಡಿದು ಬರೆಯಲು ಅರ್ಧ ಪುಟ ಜಾಗ ಕೊಡಿ. ಅದನ್ನು ಇಂಗ್ಲಿಷಿಗೆ ತಂದು ಹಡಗಿನ ಕಂಪನಿಗೆ ಗಡುವಿನೊಳಗೆ ಕಳಿಸಿ, ಅವರು ಕೊಟ್ಟ ಲಿಖಿತ ಉತ್ತರದ ಪ್ರತಿಯನ್ನು ಟಿಕೆಟ್ಟಿನ ಜೊತೆಗೆ ಪ್ರಯಾಣಿಕರ ಕೈಗಿಡಿ. ಹಡಗು ಏರಿದ ಮೊದಲ ಮಧ್ಯಾಹ್ನವೇ ಆ ಪ್ರತಿಯನ್ನು ಹೆಡ್ ವೇಟರ್‌ಗೆ ತೋರಿಸಬೇಕೆಂದು ತಿಳಿಸಿ. ತಮ್ಮ ಪತ್ರಿಕೆಯೂ ಪ್ರವಾಸ ಪುರವಣಿಯಲ್ಲಿ ಕ್ರೂಸ್‌ಗಳ ಈಜುಕೊಳ, ಕ್ಯಾಸಿನೊಗಳ ಚಿತ್ರಗಳ ಜೊತೆಗೆ ಅಲ್ಲಿನ ಒಂದು ದಿನದ ಮೆನುವನ್ನು ಪೂರ್ತಿಯಾಗಿ ಪ್ರಕಟಿಸಿದರೆ, ಹೊರಡುವವರು ಮನೆಯಲ್ಲಿಯೇ ಕೂತು ಪಟ್ಟಿ ಮಾಡಿಕೊಳ್ಳಲು ಅನುಕೂಲವಾಗುತ್ತದೆ.

ಇಂತಿ ತಮ್ಮ ಓದುಗ,
ಮೈಸೂರು